ಸೋತ ತಂಡದ ಏಳನೇ ನಂಬರು

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡಿ. ಹನ್ನೆರಡು ಕಾಲೇಜುಗಳಿಂದ ಹೆಣ್ಣುಮಕ್ಕಳ ಖೋ ಖೋ ತಂಡಗಳು ಬಂದಿವೆ. ಸೋತವರು ಮನೆಗೆ ಹೋಗಬೇಕು. ಕೊನೆಗೆ ನಾಲ್ಕೇ ತಂಡ ಉಳಿಯಬೇಕಾದರೆ ಎಷ್ಟು ಪಂದ್ಯ ಆಡಿಸಬೇಕು? ಬಳಪ ಹಿಡಿಯುವುದೇ ಬೇಡ. ಒಂದು ಪಂದ್ಯ ಒಂದು ತಂಡವನ್ನು ಮನೆಗೆ ಕಳಿಸುತ್ತದೆ. ಎಂಟು ತಂಡ ಹೋಗಬೇಕು, ಹಾಗಾಗಿ ಎಂಟು ಪಂದ್ಯ. ಆಮೇಲೆ ಉಳಿದ ನಾಲ್ಕು ತಂಡಗಳು ಪ್ರತಿಯೊಂದೂ ಉಳಿದ ಮೂರರ ಜೊತೆ ಆಡಿದರೆ ಇನ್ನು ಆರು ಪಂದ್ಯ. ಮೊದಲನೆಯದು ನಾಕೌಟ್, ಎರಡನೆಯದು ಲೀಗ್. ಕಾಲೇಜು ಪಂದ್ಯಾವಳಿಗಳಲ್ಲಿ ಎರಡನ್ನೂ ಹೀಗೆ ಸೇರಿಸಿ ಆಡಿಸುವ ಪದ್ಧತಿ ಬಹಳ ಹಳೆಯದು.

ನೇರವಾಗಿ ಸೆಮಿಫೈನಲ್, ಫೈನಲ್ ಆಡಿಸಿದ್ದರೆ ಮೂರೇ ಪಂದ್ಯದಲ್ಲಿ ಮುಗಿಯುತ್ತಿತ್ತಲ್ಲ, ಆರು ಯಾಕೆ? ಹಾಸನದ ಮೈದಾನದಲ್ಲಿ ಕೂತು ನಾನೂ ಇದೇ ಪ್ರಶ್ನೆ ಕೇಳಿದ್ದೆ. ಉತ್ತರ ಸಿಕ್ಕಿದ್ದು ಸಂಜೆ ನಾಲ್ಕು ಗಂಟೆಗೆ. ಅದಕ್ಕೆ ಮೊದಲು ಆಟದ ವಿಷಯ ಸ್ವಲ್ಪ ಹೇಳಬೇಕು.

ಖೋ ಖೋ ಗೊತ್ತಿಲ್ಲದ ಮಕ್ಕಳಿಲ್ಲ. ಆದರೆ ಶಾಲೆಯಲ್ಲಿ ಆಡುವಾಗ ನಿಯಮ ಯಾರು ನೋಡುತ್ತಾರೆ? ಎರಡು ಕಂಬ, ನಡುವೆ ಎಂಟು ಚೌಕ. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖಮಾಡಿ ಕೂರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಓಡುವ ತಂಡದಿಂದ ಒಮ್ಮೆಗೆ ಮೂವರು ಒಳಗೆ ಬರುತ್ತಾರೆ. ಮೂವರೂ ಔಟಾದ ಮೇಲೆಯೇ ಮುಂದಿನ ಮೂವರು. ಇಲ್ಲಿರುವ ಸ್ವಾರಸ್ಯ ನೋಡಿ: ತಪ್ಪಿಸಿಕೊಳ್ಳುವವಳಿಗೆ ಎಲ್ಲ ದಾರಿಯೂ ತೆರೆದಿದೆ. ಕೂತವರ ನಡುವೆ ನುಸುಳಬಹುದು, ತಿರುಗಿ ಓಡಬಹುದು. ಅಟ್ಟುವವಳು ಮಾತ್ರ ಹಿಡಿದ ದಿಕ್ಕು ಬಿಡುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ಆ ಕಡೆ ಹೋಗಬೇಕೆಂದರೆ ಕಂಬ ಸುತ್ತಬೇಕು, ಇಲ್ಲವೇ ಕೂತ ಗೆಳತಿಯ ಬೆನ್ನು ಮುಟ್ಟಿ ‘ಖೋ’ ಎಂದು ಅವಳನ್ನು ಎಬ್ಬಿಸಿ, ತಾನು ಅಲ್ಲಿ ಕೂರಬೇಕು. ಬಲವಿದ್ದವರಿಗಿಂತ ಬುದ್ಧಿ ಇದ್ದವರ ಆಟ ಇದು, ಅಂತ ನನ್ನ ಅಭಿಪ್ರಾಯ. ಕಬಡ್ಡಿ ಪ್ರಿಯರು ಕೋಪಿಸಿಕೊಳ್ಳಬಾರದು.

ನಾನೂ ಆಡಿದವಳೇ. ಹೊಳೆನರಸೀಪುರದಲ್ಲಿ, ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೇಮಾವತಿ ಹೊಳೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಆಡುತ್ತಿದ್ದೆವು. ಹೈಸ್ಕೂಲು ಎರಡನೇ ವರ್ಷದಲ್ಲಿ ಮನೆಯಲ್ಲಿ, “ಇನ್ನು ಓಡಿದ್ದು ಸಾಕು ಕಣೇ, ಅಮ್ಮನಿಗೆ ಅಡುಗೆಮನೇಲಿ ಕೈ ಜೋಡಿಸು” ಅಂದರು. ಜಗಳವಾಗಲಿಲ್ಲ. ಆ ಕಾಲದಲ್ಲಿ ಜಗಳಕ್ಕೂ ಒಂದು ಧೈರ್ಯ ಬೇಕಿತ್ತು. ಇದನ್ನು ಓದುತ್ತಿರುವ ಅಜ್ಜಿಯರಲ್ಲಿ ಅರ್ಧದಷ್ಟು ಜನ ಈಗ ತಲೆಯಾಡಿಸುತ್ತಿರಬಹುದು.

ಹೆಣ್ಣುಮಕ್ಕಳ ಆಟ ನಿಲ್ಲಿಸಿದ್ದು ನಮ್ಮೂರಿನಲ್ಲಿ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಡಿಕ್ ಕೆರ್ ಎಂಬ ಕಾರ್ಖಾನೆಯ ಹೆಂಗಸರು ಫುಟ್‌ಬಾಲ್ ತಂಡ ಕಟ್ಟಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಸೇರಿದರು. ಮಾರನೇ ವರ್ಷ ಡಿಸೆಂಬರಿನಲ್ಲೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ಹೊಂದುವುದಿಲ್ಲವೆಂದು ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಅದು ತೆರೆಯಲು ಐವತ್ತು ವರ್ಷ ಬೇಕಾಯಿತು. ಅಮೆರಿಕದಲ್ಲಿ 1972ರಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಗಂಡು ಹೆಣ್ಣೆಂದು ಭೇದ ಮಾಡುವಂತಿಲ್ಲ ಎಂಬುದು ಅದರ ಸಾರ. ಹತ್ತು ವರ್ಷದಲ್ಲಿ, 1982ಕ್ಕೆ, ಅಲ್ಲಿನ ದೊಡ್ಡ ಕಾಲೇಜು ಕ್ರೀಡಾ ಸಂಸ್ಥೆಯ ಮೊದಲ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಡೆಯಿತು. ನಾರ್ತ್ ಕೆರೊಲಿನಾ ಗೆದ್ದಿತು. ಅಲ್ಲಿ ಕಾಲೇಜುಗಳು ಗುಂಪು ಕಟ್ಟಿಕೊಂಡು ಮೊದಲು ವಾರಗಟ್ಟಲೆ ಲೀಗ್ ಆಡುತ್ತವೆ. ಮುಂದಿರುವ ತಂಡಗಳಿಗೆ ಕೊನೆಯಲ್ಲಿ ನಾಕೌಟ್. ನಮ್ಮದು ತಿರುವುಮುರುವು: ಮೊದಲು ನಾಕೌಟ್, ಕೊನೆಗೆ ಲೀಗ್.

ಈಗ ಹಾಸನಕ್ಕೆ ಬರೋಣ. ಮೊಮ್ಮಗಳು ಹೊಳೆನರಸೀಪುರದ ತಂಡದಲ್ಲಿದ್ದಳು. ಅವಳ ಜೊತೆ ನಾನೂ ಬಸ್ಸು ಹತ್ತಿದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ. ಅದರಿಂದ ಯಾರಿಗೆ ಏನಾಯಿತೋ, ಆಟ ಆಡುವ ಹೆಣ್ಣುಮಕ್ಕಳಿಗಂತೂ ಆಯಿತು. “ಪ್ರಾಕ್ಟೀಸಿಗೆ ಹೋಗಿಬರೋಕೆ ದಿನಾ ಮನೇಲಿ ಕಾಸು ಕೇಳಬೇಕಿಲ್ಲ ಕಣಜ್ಜಿ” ಅಂದಳು ಒಬ್ಬಳು. ಕಾಸು ಕೇಳುವುದು ಎಂದರೆ ಅಪ್ಪಣೆ ಕೇಳುವುದೂ ಹೌದು.

ಎಂಟು ತಂಡಗಳು ಹೋಗಿ ಉಳಿದವು ನಾಲ್ಕು: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಅರಕಲಗೂಡಿನವರು ಅಲ್ಲಿಯವರೆಗೆ ಬಂದದ್ದೇ ಎಲ್ಲರಿಗೂ ಆಶ್ಚರ್ಯ. ಲೀಗ್ ಶುರುವಾದ ಮೇಲೆ ಹಾಸನದವರ ಕೈಯಲ್ಲಿ ಸೋತರು, ನಮ್ಮವರ ಕೈಯಲ್ಲೂ ಸೋತರು. ಅವರ ಕೊನೆಯ ಪಂದ್ಯ ಚನ್ನರಾಯಪಟ್ಟಣದ ಮೇಲೆ. ಗೆದ್ದರೂ ಕಪ್ಪು ಸಿಗುವಂತಿರಲಿಲ್ಲ. ಉಳಿದ ಮೂರು ತಂಡಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಿ ಲೆಕ್ಕ ಗಂಟಾಗಿತ್ತು. ಚನ್ನರಾಯಪಟ್ಟಣದವರು ಆರು ಅಂಕಗಳ ಅಂತರದಿಂದ ಗೆದ್ದರೆ ಕಪ್ಪು ಅವರದು, ಇಲ್ಲದಿದ್ದರೆ ಹಾಸನದ್ದು.

ನನ್ನ ಪಕ್ಕದ ಮೆಟ್ಟಿಲ ಮೇಲೆ ಒಬ್ಬರು ಬಂದು ಕೂತರು. ಪಂಚೆ, ಹೆಗಲ ಮೇಲೆ ಟವೆಲು, ಕಾಲಿಗೆ ಇನ್ನೂ ಕೆಮ್ಮಣ್ಣು. ಶುಂಠಿ ಕಿತ್ತು ನೇರ ಬಂದಿದ್ದರಂತೆ.

“ಆಟ ನೋಡೋಕ್ ಬಂದ್ರಾ?” ಅಂದೆ.

“ಇಲ್ಲ ಕಣಕ್ಕ, ಮಗಳ್ನ ಕರ್ಕೊಂಡ್ ಹೋಗೋಕೆ. ನಾಳೆ ಗಂಡಿನ ಕಡೆಯೋರು ನೋಡೋಕ್ ಬತ್ತಾವ್ರೆ.”

“ಯಾರು ನಿಮ್ಮ ಮಗಳು?”

“ಏಳನೇ ನಂಬರು.”

ಕೊನೆಯ ವರ್ಷದ ಬಿ.ಎ. ಅಂತ ಆಮೇಲೆ ಗೊತ್ತಾಯಿತು. ತೆಳ್ಳಗೆ, ಕಡ್ಡಿ ಹಾಗಿದ್ದಳು. ಓಡಲು ಇಳಿದ ಮೊದಲ ಮೂವರಲ್ಲಿ ಅವಳೂ ಒಬ್ಬಳು. ಎರಡನೇ ನಿಮಿಷ ಮುಗಿಯುವುದರೊಳಗೆ ಜೊತೆಯ ಇಬ್ಬರೂ ಔಟು. ಉಳಿದವಳು ಇವಳೊಬ್ಬಳೇ.

ಆಗ ಶುರುವಾಯಿತು ನೋಡಿ. ಅವಳು ಓಡುತ್ತಿದ್ದಳು ಅನ್ನುವುದಕ್ಕಿಂತ ಓಡುವಂತೆ ಕಾಣಿಸುತ್ತಿದ್ದಳು. ಅಟ್ಟಿದವಳು ಇನ್ನೇನು ಕೈಚಾಚಬೇಕು, ಅಷ್ಟರಲ್ಲಿ ಸೊಂಟ ಬಳುಕಿಸಿ ಕೂತವರ ಮಧ್ಯೆ ಜಾರುತ್ತಿದ್ದಳು. ‘ಖೋ’ ಕೊಟ್ಟು ಹೊಸಬಳು ಏಳುವ ಹೊತ್ತಿಗೆ ಇವಳು ಮತ್ತೆ ಈ ಕಡೆ. ಕಂಬದ ಹತ್ತಿರ ಒಬ್ಬಳು ನೆಲಕ್ಕೆ ಹಾರಿಬಿದ್ದು ಮುಟ್ಟಲು ನೋಡಿದಳು, ಕೈಗೆ ಸಿಕ್ಕಿದ್ದು ಧೂಳು. ನನ್ನ ಕೈಗಡಿಯಾರದಲ್ಲಿ ಒಬ್ಬಳೇ ಓಡಿದ್ದು ನಾಲ್ಕು ನಿಮಿಷ ದಾಟಿತು. ನಾಲ್ಕು ನಿಮಿಷ ಎಂದರೆ ಹಾಲು ಉಕ್ಕುವಷ್ಟು ಹೊತ್ತು ಅಂದುಕೊಳ್ಳಬೇಡಿ, ಒಮ್ಮೆ ಅಂಗಳದಲ್ಲಿ ದಿಕ್ಕು ಬದಲಿಸುತ್ತಾ ಓಡಿ ನೋಡಿ. ಪಕ್ಕದವರು ಹೆಗಲಿನ ಟವೆಲು ತೆಗೆದು ಮುಷ್ಟಿಯಲ್ಲಿ ಹಿಂಡುತ್ತಿದ್ದರು.

ಅರಕಲಗೂಡು ಮೂರು ಅಂಕಗಳಿಂದ ಸೋತಿತು. ಚನ್ನರಾಯಪಟ್ಟಣಕ್ಕೆ ಬೇಕಿದ್ದ ಆರು ಸಿಗಲಿಲ್ಲ. ಕಪ್ಪು ಹಾಸನಕ್ಕೆ ಹೋಯಿತು. ಗೆದ್ದೂ ಅಳುತ್ತಿದ್ದ ಹುಡುಗಿಯರನ್ನು ಅವತ್ತೇ ನಾನು ನೋಡಿದ್ದು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಮೈದಾನದ ಅಂಚಿನಲ್ಲಿ ನೋಟುಬುಕ್ಕು ಹಿಡಿದು ಮೂವರು ದೈಹಿಕ ಶಿಕ್ಷಣದ ಮೇಷ್ಟ್ರು ಬೆಳಗಿನಿಂದ ಕೂತಿದ್ದರು. ಅವರು ಬರೆದುಕೊಳ್ಳುತ್ತಿದ್ದದ್ದು ತಂಡಗಳ ಹೆಸರಲ್ಲ, ಆಟಗಾರ್ತಿಯರ ನಂಬರು. ವಿಶ್ವವಿದ್ಯಾಲಯದ ತಂಡ ಆರಿಸುವುದು ಅಲ್ಲೇ. ನಾಕೌಟ್ ಮಾತ್ರ ಆಗಿದ್ದರೆ ಅರಕಲಗೂಡು ಮೊದಲ ಸೋಲಿಗೇ ಬಸ್ಸು ಹತ್ತುತ್ತಿತ್ತು. ಲೀಗ್ ಇದ್ದದ್ದರಿಂದ ಆ ಹುಡುಗಿಗೆ ಮೂರು ಸಲ ಓಡಿ ತೋರಿಸುವ ಅವಕಾಶ ಸಿಕ್ಕಿತು.

ಇನ್ನೊಂದು ವಿಷಯ. ಮೊದಲು ಹಾಸನ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮೈಸೂರು, ಮಂಡ್ಯ, ಚಾಮರಾಜನಗರದ ಹುಡುಗಿಯರ ಜೊತೆ ನಮ್ಮವರು ಪೈಪೋಟಿ ಮಾಡಬೇಕಿತ್ತು. 2023ರಲ್ಲಿ ಹೇಮಗಂಗೋತ್ರಿಯಲ್ಲೇ ಹಾಸನ ವಿಶ್ವವಿದ್ಯಾಲಯ ಆಯಿತು, ನಮ್ಮ ಜಿಲ್ಲೆಗೇ ಒಂದು ತಂಡ ಸಿಕ್ಕಿತು. 2025ರಲ್ಲಿ ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವಕ್ಕೆ ಸೇರಿಸುವ ಮಾತು ಎದ್ದಾಗ ದೊಡ್ಡವರು ಕಟ್ಟಡ, ಅನುದಾನ ಅಂತ ಚರ್ಚೆ ಮಾಡಿದರು. ನನಗೆ ನೆನಪಾದದ್ದು ಆ ತಂಡದ ಜೆರ್ಸಿಗಳು. ಅಲ್ಲಿಂದ ಮುಂದೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಅಲ್ಲಿ ಮೊದಲ ನಾಲ್ಕರಲ್ಲಿ ಬಂದರೆ ಅಖಿಲ ಭಾರತ ಮಟ್ಟ. ಅಲ್ಲಿ ಸಿಗುವ ಪ್ರಮಾಣಪತ್ರ ಕೆಲಸಕ್ಕೆ ಅರ್ಜಿ ಹಾಕುವಾಗ ಕೈಹಿಡಿಯುತ್ತದೆ. ರೈಲ್ವೆಯವರು ಖೋ ಖೋ ಆಡುವವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ.

ನಮ್ಮಂಥ ಊರುಗಳಿಂದ ಅಷ್ಟು ದೂರ ಹೋದವರುಂಟೇ? ಉಂಟು. ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪರ ಆಡಿದರು. ಫೈನಲಿನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಅಷ್ಟೊಂದು ಅಂಕ ಹೇಗೆ ಅನ್ನಬೇಡಿ. ಅಲ್ಲಿನ ಹೊಸ ಪದ್ಧತಿಯಲ್ಲಿ ಒಂದು ತಂಡಕ್ಕೆ ಏಳೇ ಜನ, ಒಬ್ಬರನ್ನು ಔಟ್ ಮಾಡಿದರೆ ಎರಡು ಅಂಕ. ಕೊನೆಯ ಸರದಿಯಲ್ಲಿ ಚೈತ್ರಾ ಇದ್ದ ಗುಂಪು ಐದು ನಿಮಿಷಕ್ಕೂ ಮೀರಿ ಔಟಾಗದೆ ಉಳಿಯಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೂ ಚೈತ್ರಾಗೇ ಬಂತು.

ಸಂಜೆ ಬಹುಮಾನ ಹಂಚಿಕೆ ಆದಮೇಲೆ ಮೇಷ್ಟ್ರು ಮೈಕು ಹಿಡಿದು ಹೆಸರು ಓದಿದರು. ನನ್ನ ಮೊಮ್ಮಗಳ ಹೆಸರು ಬರಲಿಲ್ಲ. ಬಾಯಿ ಊದಿಸಿಕೊಂಡು ಬೂಟಿನ ಲೇಸು ಬಿಚ್ಚುತ್ತಾ ಕೂತಳು, ಅವಳಿಗೆ ಇನ್ನೂ ಎರಡು ವರ್ಷ ಇದೆ. ಒಂಬತ್ತನೆಯ ಹೆಸರು ಅರಕಲಗೂಡಿನ ಏಳನೇ ನಂಬರಿನದು.

ಹುಡುಗಿ ನಮ್ಮ ಮೆಟ್ಟಿಲಿನ ಕೆಳಗೆ ಬಂದು ನಿಂತಳು. ಅಪ್ಪನ ಮುಖ ನೋಡಲಿಲ್ಲ. ಹದಿನೈದು ದಿನ ಕ್ಯಾಂಪು, ಆಮೇಲೆ ತಮಿಳುನಾಡಿಗೆ ಹೋಗಬೇಕು, ಅಪ್ಪ ಅಮ್ಮನ ಸಹಿ ಬೇಕು ಅಂತ ಒಂದೇ ಉಸಿರಿಗೆ ಹೇಳಿ ಕಾಗದ ಮುಂದೆ ಹಿಡಿದಳು.

ಆತ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಟವೆಲು ಮತ್ತೆ ಹೆಗಲಿಗೆ ಹೋಯಿತು.

“ಜೊತೇಲಿ ಮೇಡಂ ಯಾರಾದ್ರೂ ಬತ್ತಾರಾ?”

“ಬರ್ತಾರೆ ಅಪ್ಪ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ತಿರುಗಿ ಕೇಳಿದರು: “ಅಕ್ಕಾ, ಪೆನ್ನೈತಾ?”