ಕೊಳವೆ ಅನಿಲ ಬಾರದ ಮನೆಯಲ್ಲಿ ಬಿಸಿನೀರಿನ ಏರ್ಪಾಡು



ಮಳೆ ಹಿಡಿದ ಮೇಲೆ ಸಂಘದ ಕಛೇರಿಗೆ ಬರುವವರ ಮಾತು ಸಾಧಾರಣವಾಗಿ ಕೊಳೆರೋಗ, ಬೋರ್ಡೋ ದ್ರಾವಣ, ಧಾರಣೆ ಈ ಮೂರರಲ್ಲೇ ಸುತ್ತುತ್ತದೆ. ಇತ್ತೀಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಲೆಕ್ಕಪತ್ರ ಮುಗಿಸಿ ಕೊಡೆ ಕೈಗೆತ್ತಿಕೊಂಡವರು ಬಾಗಿಲಲ್ಲಿ ನಿಂತು, "ಸೆಕ್ರೆಟರಿಯವರೇ, ಮನೆಯಲ್ಲಿ ನೀರು ಕಾಯಿಸಲಿಕ್ಕೆ ಯಾವುದನ್ನು ಹಾಕಿಸುವುದು ಒಳ್ಳೆಯದು?" ಎಂದು ಕೇಳುತ್ತಾರೆ.

ನಮ್ಮ ತಂದೆಯವರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಗೆ ತೋಟದ ಕಸ. ಈಗ ಹೊಸ ಮನೆಗಳಲ್ಲಿ ಬಚ್ಚಲು ಮಲಗುವ ಕೋಣೆಗೆ ತಾಗಿಕೊಂಡಿದೆ, ಸೌದೆ ಒಡೆಯಲು ಜನವಿಲ್ಲ, ಮಕ್ಕಳು ಪೇಟೆಯಲ್ಲಿದ್ದಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಉತ್ತರವನ್ನು ಒಮ್ಮೆಗೇ ಬರೆದುಬಿಡುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿನ ಕಥೆಯೂ ಉಂಟು.

ನನಗೆ ಈ ವಿಷಯದಲ್ಲಿ ಮೂರು ಹವೆಯ ಅನುಭವವಿದೆ. ಅಡಿಕೆ ತೋಟದ ಹಳೆಯ ಮನೆ ಘಟ್ಟದ ಬುಡದಲ್ಲಿ. ಕಾಫಿಯ ಒಂದು ತುಂಡು ಚಾರ್ಮಾಡಿ ಘಾಟಿಯ ಮೇಲೆ, ಮೂಡಿಗೆರೆ ಕಡೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮಾಡಿಕೊಂಡ ಸಣ್ಣ ಮನೆ ಮಂಗಳೂರಿನ ಪಂಪ್‌ವೆಲ್ಲಿನ ಹತ್ತಿರ. ಘಾಟಿಯಿಂದ ಇಳಿದು ಬಂದವರು ಹೆದ್ದಾರಿ 66ನ್ನು ಸೇರುವುದು ಇದೇ ಪಂಪ್‌ವೆಲ್ಲಿನಲ್ಲಿ.

ಮಂಗಳೂರಿಗೆ ಅನಿಲ ಬಂದಿಲ್ಲವೇ ಎಂದು ಕೇಳಬಹುದು. ಬಂದಿದೆ. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ನಗರದ ಕೆಲವು ಭಾಗಗಳಲ್ಲಿ ಮನೆಯ ಒಲೆಗೂ ಕೊಳವೆ ಸೇರಿದೆ. ಆದರೆ ನಮ್ಮ ಓಣಿಗೆ ಇನ್ನೂ ಬಂದಿಲ್ಲ. ಘಟ್ಟದ ಬುಡದ ಒಂಟಿ ಮನೆಗಳಿಗೆ ಅದು ಬರುವುದನ್ನು ಕಾಯುತ್ತ ಕುಳಿತರೆ ಸ್ನಾನ ತಣ್ಣೀರಿನಲ್ಲೇ ಆದೀತು. ಇದು ನಮಗೆ ಮಾತ್ರ ಬಂದ ಕಷ್ಟವಲ್ಲ. ಮನೆಮನೆಗೆ ಅನಿಲ ಹರಿಯುವ ಇಂಗ್ಲೆಂಡಿನಲ್ಲೂ ದೂರದ ಹಳ್ಳಿಗಳಿಗೆ ಕೊಳವೆಯಿಲ್ಲ. ಅಲ್ಲಿಯವರು ಎಣ್ಣೆಯ ಟ್ಯಾಂಕು, ಸೌದೆ, ಹೀಟ್ ಪಂಪು ಎಂದು ಇದೇ ಲೆಕ್ಕ ಹಾಕುತ್ತಾರೆ.

ಆಟಿ ತಿಂಗಳ ಒಂದು ಬೆಳಗು

2019ರ ಆಟಿಯಲ್ಲಿ ತಾಯಿಯವರನ್ನು ಕಣ್ಣಿನ ಚಿಕಿತ್ಸೆಗೆಂದು ಪಂಪ್‌ವೆಲ್ ಮನೆಗೆ ಕರೆತಂದಿದ್ದೆ. ಅವರಿಗೆ ಬಿಸಿನೀರಿಲ್ಲದೆ ಆಗದು. ಅವರು ಬರುವ ವಾರದ ಮುಂಚೆಯಷ್ಟೇ ಸಿಲಿಂಡರಿನ ಗ್ಯಾಸಿನಿಂದ ನಡೆಯುವ ಗೀಸರನ್ನು ಹಾಕಿಸಿದ್ದೆ. ಅದನ್ನು ಹೊರಗಿನ ಗೋಡೆಗೆ ಕೂರಿಸಿದರೆ ಏಳೆಂಟು ಅಡಿ ಪೈಪು ಹೆಚ್ಚು ಬೇಕಾಗುತ್ತಿತ್ತು, ಗೋಡೆಗೆ ತೂತು ಕೊರೆಯಬೇಕಾಗುತ್ತಿತ್ತು. "ಒಳಗೇ ಇರಲಿ" ಎಂದವನು ನಾನೇ. ಮಳೆಯ ಇರಿಚಲು ಬರುತ್ತದೆಂದು ಬಚ್ಚಲಿನ ಗಾಳಿಕಿಂಡಿಗೆ ರಟ್ಟು ಹೊಡೆದವನೂ ನಾನೇ.

ಆ ದಿನ ಅಮ್ಮ ಸ್ನಾನಕ್ಕೆ ಹೋಗಿ ಕಾಲು ಗಂಟೆಯ ಮೇಲಾಗಿತ್ತು. ನೀರು ಬೀಳುವ ಸದ್ದು ಕೇಳುತ್ತಿತ್ತು, ತಂಬಿಗೆಯ ಸದ್ದು ಕೇಳುತ್ತಿರಲಿಲ್ಲ. ಅದನ್ನು ಗಮನಿಸಿದವಳು ನನ್ನ ಹೆಂಡತಿ. ಕರೆದರೆ ಉತ್ತರವಿಲ್ಲ. ಚಿಲಕ ಮುರಿದು ಒಳಗೆ ಹೋದಾಗ ಅಮ್ಮ ಗೋಡೆಗೆ ಒರಗಿ ಕುಸಿದಿದ್ದರು. ಆಗ ಪಂಪ್‌ವೆಲ್ಲಿನ ಮೇಲ್ಸೇತುವೆ ಮುಗಿದಿರಲಿಲ್ಲ. ಅದು ತೆರೆದದ್ದು 2020ರ ಜನವರಿ 31ರಂದು. ವೃತ್ತದಲ್ಲಿ ಮಳೆನೀರು ನಿಂತಿತ್ತು. ಆ ನೀರಿನಲ್ಲಿ ಆಟೋರಿಕ್ಷಾ ದಾಟಿಸಿ ಆಸ್ಪತ್ರೆಗೆ ಮುಟ್ಟಿದ್ದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಆಮ್ಲಜನಕ ಕೊಟ್ಟರು, ಸಂಜೆಯ ಹೊತ್ತಿಗೆ ಮಾತಾಡಿದರು.

"ಹೊಗೆಯಾದರೆ ಕಣ್ಣು ಉರಿದು ಹೇಳ್ತದೆ ಮಗಾ. ಇದು ಹೇಳದೆಯೇ ಬಂತಲ್ಲ" ಎಂದರು.

ಆ ಮಾತಿನಲ್ಲಿ ವಿಜ್ಞಾನವೆಲ್ಲ ಇದೆ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಿಂದ ಹಿಡಿದುಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ತಿಳಿಯುತ್ತದೆ. ಉರಿದ ಮೇಲಿನ ಈ ವಿಷಕ್ಕೆ ಅಂಥ ಗುರುತಿಲ್ಲ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ನಮ್ಮ ಬಚ್ಚಲು 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ. ಒಟ್ಟು 280 ಘನ ಅಡಿ ಗಾಳಿ. ನಿಮಿಷಕ್ಕೆ 6 ಲೀಟರು ಬಿಸಿನೀರು ಕೊಡುವ ಗೀಸರು ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸು ಸುಡುತ್ತದೆ. ಕಾಲು ಗಂಟೆಗೆ ಕಾಲು ಕಿಲೋ. ಅಷ್ಟು ಸರಿಯಾಗಿ ಉರಿಯಲು ಸುಮಾರು 115 ಘನ ಅಡಿ ಗಾಳಿ ಬೇಕು. ಅಂದರೆ ಮುಚ್ಚಿದ ಕೋಣೆಯ ಗಾಳಿಯಲ್ಲಿ ಐದರಲ್ಲಿ ಎರಡು ಪಾಲನ್ನು ಬೆಂಕಿ ತಿನ್ನುತ್ತದೆ, ಉಳಿದದ್ದರಲ್ಲಿ ವಿಷ ಬೆರೆಯುತ್ತದೆ. ಈ ಲೆಕ್ಕಕ್ಕೆ ಬಿ.ಎಸ್ಸಿ. ಓದಬೇಕಾಗಿಲ್ಲ. ಓದಿದ್ದ ನಾನೂ ಮಾಡಿರಲಿಲ್ಲ.

ಐದು ಜನರ ಸ್ನಾನಕ್ಕೆ ಎಷ್ಟು ಬೇಕು?

ಐದು ಜನರ ಮನೆಗೆ ದಿನಕ್ಕೆ 100 ಲೀಟರು ನೀರು, ಬಾವಿಯ 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಬೇಕು ಎಂದು ಇಟ್ಟುಕೊಳ್ಳೋಣ. ಬೇಕಾದ ಶಾಖ 2,000 ಕಿಲೋ ಕ್ಯಾಲೊರಿ. ಪೋಲಾಗುವುದನ್ನೂ ಸೇರಿಸಿದರೆ ಅಂದಾಜು ಹೀಗೆ:

ವಿದ್ಯುತ್ ಗೀಸರಿಗೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75.
ಹೀಟ್ ಪಂಪಿಗೆ ದಿನಕ್ಕೆ ಒಂದು ಯೂನಿಟಿನೊಳಗೆ.
ಸಿಲಿಂಡರ್ ಗ್ಯಾಸಾದರೆ ದಿನಕ್ಕೆ ಕಾಲು ಕಿಲೋಗೆ ಸ್ವಲ್ಪ ಕಡಿಮೆ, 14.2 ಕಿಲೋದ ಸಿಲಿಂಡರು ಎರಡು ತಿಂಗಳು.
ಗೋಬರ್ ಗ್ಯಾಸಾದರೆ ಮುಕ್ಕಾಲು ಘನ ಮೀಟರು, ಅಂದರೆ 20 ಕಿಲೋ ಸಗಣಿ.
ಸೌದೆ, ತೆರೆದ ಒಲೆಯಲ್ಲಿ 5 ಕಿಲೋ. ಜಾಲರಿ ಮತ್ತು ಹೊಗೆಕೊಳವೆ ಇರುವ ಮುಚ್ಚಿದ ಒಲೆಯಲ್ಲಿ ಅದರ ಅರ್ಧ.

ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆ ಅಚ್ಚಾಗಿ ನಿಮ್ಮ ಕೈಸೇರುವುದರೊಳಗೆ ಅದು ಬದಲಾದೀತು. ನಿಮ್ಮ ಊರಿನ ದರವನ್ನು ಈ ಅಂಕೆಗಳಿಗೆ ಗುಣಿಸಿ ನೋಡಿಕೊಳ್ಳಿ.

ಒಂದೊಂದರ ಗುಣದೋಷ

ಹಂಡೆ ಒಲೆ: ತೋಟವಿರುವವನಿಗೆ ಇದನ್ನು ಬಿಡಲು ಕಾರಣವಿಲ್ಲ. ಚಾಲಿ ಸುಲಿದ ಸಿಪ್ಪೆ, ಗೆರಟೆ, ಕೊತ್ತಳಿಗೆ, ಕಾಫಿ ತೋಟದಲ್ಲಿ ನೆರಳುಮರದ ಕಸಿದ ಗೆಲ್ಲು, ಇವೆಲ್ಲ ಮನೆಯಂಗಳದ ಇಂಧನ. ಅಡಿಕೆ ಸೋಗೆಯನ್ನು ಮಾತ್ರ ಒಲೆಗೆ ಹಾಕಬೇಡಿ, ಅದು ಬುಡಕ್ಕೆ ಮುಚ್ಚಿಗೆಯಾಗಿ ಹೆಚ್ಚು ಬೆಲೆ ಬಾಳುತ್ತದೆ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದು ಮರಳಿ ತೋಟಕ್ಕೆ ಹೋಗಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರ ಅಸ್ತ್ರ ಒಲೆಯನ್ನು ನಮ್ಮಲ್ಲಿ ಕೆಲವರು ಅಡಿಗೆಮನೆಗೆ ಹಾಕಿಸಿದ್ದಿರಬಹುದು. ಬೆಂಕಿಯನ್ನು ಮುಚ್ಚಿ, ಕೆಳಗೆ ಜಾಲರಿ ಇಟ್ಟು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವ ಅದೇ ತತ್ವವನ್ನು ಹಂಡೆಯ ಒಲೆಗೂ ಅಳವಡಿಸಬಹುದು. ಹೊಗೆಕೊಳವೆ ಮಾಡಿನ ಮೇಲೆ ಎರಡು ಮೂರು ಅಡಿಯಾದರೂ ಎದ್ದಿರಬೇಕು, ಪಕಾಸಿಗೆ ತಾಗಿರಬಾರದು. ದೋಷವೆಂದರೆ ಒಬ್ಬರು ಬೆಂಕಿಯ ಹತ್ತಿರ ಇರಬೇಕು. ಆ ಒಬ್ಬರು ಸಾಮಾನ್ಯವಾಗಿ ಮನೆಯ ಹೆಂಗಸರೇ. ಹೊಗೆ ಅವರ ಎದೆಗೆ ಹೋಗದಂತೆ ಮಾಡದೆ "ಹಂಡೆನೀರಿನ ಸುಖವೇ ಬೇರೆ" ಎಂದು ಹೊಗಳುವುದು ಸರಿಯಲ್ಲ.

ಗೋಬರ್ ಗ್ಯಾಸ್: ಎರಡು ದನ ಕಟ್ಟಿದವರಿಗೆ ಉತ್ತಮ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಹೊರಬರುವ ಸ್ಲರಿ ತೋಟಕ್ಕೆ ಗೊಬ್ಬರ. ಆದರೆ ಹಟ್ಟಿ ಖಾಲಿಯಾದ ಮನೆಗಳಲ್ಲಿ ಸ್ಥಾವರಗಳು ಹುಲ್ಲು ಬೆಳೆದು ಬಿದ್ದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಮುಂದಿನ ಹತ್ತು ವರ್ಷ ದನ ಸಾಕುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ, ಮತ್ತೆ ಗುಂಡಿ ತೋಡಿಸಿ.

ಸೌರ ಹೀಟರು: 100 ಲೀಟರಿಗೆ ಸುಮಾರು 2 ಚದರ ಮೀಟರು ಫಲಕ ಬೇಕು, ದಕ್ಷಿಣಕ್ಕೆ ಮುಖ ಮಾಡಿರಬೇಕು, ತೆಂಗಿನ ನೆರಳು ಬೀಳಬಾರದು. ಅಕ್ಟೋಬರದಿಂದ ಮೇ ತನಕ ಖರ್ಚಿಲ್ಲದ ನೀರು. ಆದರೆ ಬಿಸಿನೀರು ನಿಜವಾಗಿ ಬೇಕಾಗುವ ಜೂನ್, ಜುಲೈ, ಆಗಸ್ಟಿನಲ್ಲಿ ನಮ್ಮ ಕರಾವಳಿಯ ಸೂರ್ಯ ರಜೆಯಲ್ಲಿರುತ್ತಾನೆ. ಆದುದರಿಂದ ಇದನ್ನೊಂದನ್ನೇ ನಂಬಬಾರದು. ಜೊತೆಗೆ ಇನ್ನೊಂದು ದಾರಿ ಇರಲೇಬೇಕು. ಕೊಳವೆಬಾವಿಯ ಗಡಸು ನೀರಾದರೆ ಒಳಗೆ ಸುಣ್ಣದ ಹಕ್ಕಳೆ ಕಟ್ಟುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ.

ವಿದ್ಯುತ್ ಗೀಸರು: ಹೊಗೆಯಿಲ್ಲ, ವಿಷವಿಲ್ಲ, ಪೇಟೆಮನೆಗೆ ಅನುಕೂಲ. ಭೂಸಂಪರ್ಕ ಸರಿಯಾಗಿರಬೇಕು, ಸೋರಿಕೆ ಕಂಡರೆ ತಾನಾಗಿ ಕಡಿಯುವ ಸ್ವಿಚ್ಚು ಇರಬೇಕು. ಬಕೆಟಿಗೆ ಇಳಿಸುವ ಕಾಯಿಲನ್ನು ನೆನೆದ ಕಾಲಿನವರ ಕೈಗೆ ಕೊಡಬೇಡಿ. 2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕವನ್ನೂ ಮರೆಯಬಾರದು: ಅದರಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಮಿತಿ ಹಾಕುತ್ತಾರೆ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಹೊಸ ಗೀಸರಿನ 75 ಯೂನಿಟ್ ನಿಮ್ಮನ್ನು ಯಾವ ಕಡೆಗೆ ದಾಟಿಸುತ್ತದೆ ಎಂದು ಮೊದಲೇ ನೋಡಿ.

ಹೀಟ್ ಪಂಪು: ಶೀತಕ ಪೆಟ್ಟಿಗೆಯನ್ನು ತಿರುಗಿಸಿ ಇಟ್ಟಂತೆ ಇದರ ಕೆಲಸ. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ನಮ್ಮ ಕರಾವಳಿಯ ಬೆಚ್ಚನೆಯ ತೇವದ ಹವೆ ಇದಕ್ಕೆ ಹೇಳಿಮಾಡಿಸಿದ್ದು, ಮಳೆಗಾಲದಲ್ಲೂ ನಡೆಯುತ್ತದೆ. ಆರಂಭದ ಖರ್ಚು ದೊಡ್ಡದು, ರಿಪೇರಿಗೆ ಬರುವವರು ಹತ್ತಿರ ಇರಬೇಕು. ಏಳೆಂಟು ಜನರ ಕೂಡುಕುಟುಂಬಕ್ಕೆ, ಅತಿಥಿಗಳನ್ನು ಇರಿಸಿಕೊಳ್ಳುವ ತೋಟದ ಮನೆಗಳಿಗೆ ಲೆಕ್ಕ ಕೂಡಿಬರುತ್ತದೆ.

ಗ್ಯಾಸ್ ಗೀಸರು: ಬೇಕೆಂದಾಗ ಬಿಸಿನೀರು, ಕರೆಂಟು ಹೋದರೂ ಅಡ್ಡಿಯಿಲ್ಲ. ಆದರೆ ಒಂದೇ ಷರತ್ತು: ಗೀಸರು, ಸಿಲಿಂಡರು ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ. ಒಳಗೆ ಬರುವುದು ನೀರಿನ ಪೈಪು ಮಾತ್ರ. ಗಾಳಿಕಿಂಡಿ ಇದೆಯಲ್ಲ, ಫ್ಯಾನು ಇದೆಯಲ್ಲ ಎಂಬ ಸಮಾಧಾನ ಬೇಡ. ಇರಿಚಲು ಬಂದ ದಿನ ಕಿಂಡಿಗೆ ರಟ್ಟು ಬೀಳುತ್ತದೆ, ಕರೆಂಟು ಹೋದ ದಿನ ಫ್ಯಾನು ನಿಲ್ಲುತ್ತದೆ.

ಘಟ್ಟದ ಮೇಲಿನ ಚಳಿ

ಕರಾವಳಿಯಲ್ಲಿ ನೀರು ಕಾದರೆ ಸಾಕು, ಮನೆ ಕಾಯಿಸುವ ಪ್ರಶ್ನೆಯಿಲ್ಲ. ಕಾಫಿ ಸೀಮೆಯಲ್ಲಿ ಹಾಗಲ್ಲ. ಹಳೆಯ ಬಂಗಲೆಗಳಲ್ಲಿ ಗೋಡೆಯೊಳಗೆ ಬೆಂಕಿಗೂಡು, ಅದಕ್ಕೆ ಚಿಮಣಿ ಇರುತ್ತದೆ. ನಮ್ಮಂಥ ಸಣ್ಣ ಬೆಳೆಗಾರರ ಮನೆಯಲ್ಲಿ ಇರುವುದು ಅಗ್ಗಿಷ್ಟಿಕೆ. ಜಗಲಿಯಲ್ಲಿಟ್ಟು ಸುತ್ತ ಕುಳಿತರೆ ಅಪಾಯವಿಲ್ಲ. ಅದನ್ನೇ ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿದರೆ, ನನ್ನ ಪಂಪ್‌ವೆಲ್ ಬಚ್ಚಲಿನ ಕಥೆಯೇ. ಹೊಗೆ ಕಾಣದ ಕೆಂಡವೇ ಹೆಚ್ಚು ಮೋಸಗಾರ.

ಇನ್ನೊಂದು ಮಾತನ್ನು ನಾವು ಬೆಳೆಗಾರರು ನಮ್ಮಲ್ಲೇ ಆಡಿಕೊಳ್ಳಬೇಕು. ಡಿಸೆಂಬರ್, ಜನವರಿಯ ಹಣ್ಣು ಕೊಯ್ಲಿಗೆ ದೂರದಿಂದ ಬಂದವರು ನಮ್ಮ ಲೈನು ಮನೆಗಳಲ್ಲಿ ಮಲಗುತ್ತಾರೆ. ಒಂದೇ ಕೋಣೆ, ಸಣ್ಣ ಮಕ್ಕಳು, ಸಂದಿಗೆಲ್ಲ ಗೋಣಿ ತುರುಕಿ ಒಳಗೆ ಕೆಂಡ. ಆ ಕೋಣೆಗೆ ಹೊಗೆಕೊಳವೆ ಇರುವ ಒಲೆ, ಅಂಗಳದಲ್ಲಿ ಎಲ್ಲರಿಗೂ ಒಂದು ದೊಡ್ಡ ಹಂಡೆ, ತಲೆಗೊಂದು ಕಂಬಳಿ, ಇಷ್ಟನ್ನು ಒದಗಿಸುವುದು ಉಪಕಾರವಲ್ಲ, ನಮ್ಮ ಹೊಣೆ. ನನ್ನ ತಾಯಿಯವರ ಬಾಗಿಲ ಹೊರಗೆ ಕಿವಿಗೊಟ್ಟು ನಿಂತವರಿದ್ದರು. ಅಲ್ಲಿ ಒಳಗಿರುವವರೆಲ್ಲ ಒಟ್ಟಿಗೇ ನಿದ್ರಿಸುತ್ತಾರೆ.

ನಾನು ಮಾಡಿದ ಏರ್ಪಾಡು

ತೋಟದ ಮನೆಯಲ್ಲಿ ಹಂಡೆ ಉಳಿದಿದೆ, ಒಲೆಯನ್ನು ಮುಚ್ಚಿಸಿ ಹೊಗೆಕೊಳವೆ ಹಾಕಿಸಿದೆ, ಬೆಂಕಿ ಒಟ್ಟುವ ಬಾಯಿಯನ್ನು ಹೊರಗಿನ ಜಗಲಿಗೆ ತಿರುಗಿಸಿದೆ. ಪಂಪ್‌ವೆಲ್ಲಿನಲ್ಲಿ ಮಾಡಿನ ಮೇಲೆ ಸೌರ ಹೀಟರು, ಮಳೆಗಾಲಕ್ಕೆ ವಿದ್ಯುತ್ ಗೀಸರು. ಘಟ್ಟದ ಮೇಲೆ ಹಂಡೆ ಮತ್ತು ಕಂಬಳಿ. ಕೊಳವೆ ಅನಿಲ ಮುಂದೆ ನಮ್ಮ ಓಣಿಗೂ ಬಂದೀತು, ಅಡಿಗೆಗೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಆದರೆ ಉರಿಯುವ ಯಾವುದನ್ನೂ ಬಚ್ಚಲೊಳಗೆ ಬಿಡುವುದಿಲ್ಲ. ಅನಿಲ ಕೊಳವೆಯಿಂದ ಬಂದರೂ ಸಿಲಿಂಡರಿನಿಂದ ಬಂದರೂ ಬೆಂಕಿಯ ಗುಣ ಒಂದೇ.

ಆಯ್ಕೆ ಮಾಡುವವರು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಅಂಗಳದಲ್ಲೇ ಸಿಗುವ ಇಂಧನ ಯಾವುದು? ಅದನ್ನು ದಿನಾಲೂ ನೋಡಿಕೊಳ್ಳುವವರು ಯಾರು? ಉರಿದ ಮೇಲೆ ಅದರ ಹೊಗೆ ಎಲ್ಲಿ ಹೋಗುತ್ತದೆ? ಮೊದಲೆರಡಕ್ಕೆ ತಪ್ಪು ಉತ್ತರ ಕೊಟ್ಟರೆ ಹಣ ಹೋಗುತ್ತದೆ. ಮೂರನೆಯದಕ್ಕೆ ಕೊಟ್ಟರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ.

ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಟ್ಟುಕೊಂಡಿರುವ ಸದಸ್ಯರು ದಯವಿಟ್ಟು ನಾಳೆ ಎನ್ನಬೇಡಿ. ಅದನ್ನು ಹೊರಗೆ ಸಾಗಿಸುವ ತನಕ ಬಾಗಿಲು ಕಿಟಕಿ ತೆರೆದಿಟ್ಟು ಬಕೆಟಿಗೆ ನೀರು ತುಂಬಿಸಿ, ಗೀಸರು ಆರಿಸಿ, ಹೊಗೆಯೆಲ್ಲ ಹೊರಹೋದ ಮೇಲೆ ಸ್ನಾನಕ್ಕೆ ಹೋಗಿ. ಸೌರ ಹೀಟರು, ಹೀಟ್ ಪಂಪು ಹಾಕಿಸಿದವರು ತಮ್ಮ ಎರಡು ಮೂರು ಮಳೆಗಾಲದ ಅನುಭವವನ್ನು ಬರೆದು ಕಛೇರಿಗೆ ತಲುಪಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ. ಅಕ್ಷರ ಹೇಗಿದ್ದರೂ ಅಡ್ಡಿಯಿಲ್ಲ, ಅಂಕೆ ಸರಿಯಿರಲಿ.