ಬೇಲೂರಿನ ಕಂಬಕ್ಕೆ ಸಿಮೆಂಟ್ ಬೇಕೆ ಸ್ವಾಮಿ?

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ 1133ರದು. ಅಲ್ಲಿನ ನುಣುಪು ಕರಿಗಲ್ಲ ಕಂಬಗಳಲ್ಲಿ ಮುಖ ಕಾಣುತ್ತೆ. ತಲೆ ಮೇಲೆ ಚಾವಣಿಯ ಭಾರ, ಅಲುಗಾಡೋ ಹಾಗಿಲ್ಲ. ಹಳೇಬೀಡಲ್ಲಿ ಬಸ್ಸೇರಿ ಬೇಲೂರಿಗೆ ಬನ್ನಿ, ಕಥೆಯೇ ಬೇರೆ. ಚೆನ್ನಕೇಶವನ ಅಂಗಳದ 42 ಅಡಿ ಕಂಬಕ್ಕೆ ತಲೆ ಮೇಲೆ ಹೊರೆಯಿಲ್ಲ. ಪಾಯ ತೋಡಿ ನೆಟ್ಟಿಲ್ಲ, ಜಗಲಿ ಮೇಲೆ ಇಟ್ಟಿದ್ದಾರೆ ಅಷ್ಟೆ. ಒಂದು ಬದಿಯ ಸಂದಿಯಲ್ಲಿ ಕಾಗದ ತೂರುತ್ತೆ. "ಬುಡಕ್ಕೆ ಸಿಮೆಂಟ್ ಸುರೀಬಾರ್ದೇ?" ಅನ್ನೋರಿದ್ದಾರೆ.

ಸುರಿಯೋ ಮುಂಚೆ ಲೆಕ್ಕ ನೋಡಿ. ಗಲ್ಲಾಪೆಟ್ಟಿಗೆ ಮೇಲೆ ಬೆಂಕಿಪೊಟ್ಟಣ ನಿಲ್ಲಿಸಿ ವಾಲಿಸಿ. ಭಾರದ ಗೆರೆ ಬುಡದೊಳಗೆ ಬಿದ್ದರೆ ವಾಪಸ್ ಕೂರುತ್ತೆ. ಅಂಚು ದಾಟಿತೋ, ಉರುಳಿತು. ಆದರೆ ನೆಲ ನಡುಗಿದಾಗ ಗಾತ್ರವೂ ಲೆಕ್ಕಕ್ಕೆ ಬರುತ್ತೆ. 1960ರ ಚಿಲಿ ಭೂಕಂಪದಲ್ಲಿ ಗಟ್ಟಿಮುಟ್ಟಾಗಿ ಕಂಡವಕ್ಕೇ ಪೆಟ್ಟಾಗಿ, ಒಂಟಿಕಾಲಿನ ನೀರಿನ ಟ್ಯಾಂಕುಗಳು ನಿಂತೇ ಇದ್ದವು. ಅಮೆರಿಕದ ಎಂಜಿನಿಯರ್ ಜಾರ್ಜ್ ಹೌಸ್ನರ್ 1963ರಲ್ಲಿ ಸಮೀಕರಣ ಹಾಕಿ ತೋರಿಸಿದರು: ಒಂದೇ ಆಕಾರದ ಎರಡರಲ್ಲಿ ದೊಡ್ಡದನ್ನು ಉರುಳಿಸೋದೇ ಕಷ್ಟ. ತೂಗಾಡಿ ಮತ್ತೆ ಕೂರೋದರಲ್ಲೇ ಅದರ ಬಚಾವು. ಬುಡ ಬಿಗಿದರೆ ಪೆಟ್ಟೆಲ್ಲ ಕಲ್ಲಿಗೆ; ಕಲ್ಲು ಬಗ್ಗೋಲ್ಲ, ಸೀಳುತ್ತೆ.

ಭಯ ಇರೋದು ಬೇರೆ ಕಡೆ. ಅಂಚು ಸವೆದಷ್ಟೂ ಬುಡ ಕಿರಿದಾಗುತ್ತೆ. ಸಂದಿಗೆ ಕರ್ಚೀಫ್ ತೂರಿಸಿ ಎಳೆದಾಡೋ ಪ್ರವಾಸಿಗೆ ಇದನ್ನು ಹೇಳೋರು ಯಾರು?