ಗೊರಿಲ್ಲಾದಿಂದ ಹತ್ತು ಮೀಟರ್ ದೂರ

ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗಿ ಗೊರಿಲ್ಲಾ ನೋಡಿ ಬರಬೇಕೆನ್ನುವ ಪುಣೆಯ ಚಾರಣಿಗರು ಸಿಂಹಗಡ, ರಾಜಗಡ ಹತ್ತಿಳಿದು ಕಾಲು ಗಟ್ಟಿ ಮಾಡಿಕೊಳ್ಳುತ್ತಾರೆ. ಅದು ಅವರವರ ಇಷ್ಟ. ಆದರೆ ಹೊರಡುವ ಹತ್ತು ದಿನ ಮೊದಲಾದರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯುವುದು ಕಡ್ಡಾಯ. ಅದಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು.

ಇಷ್ಟು ಬಿಗಿ ಯಾಕೆ? ಭಾರತದಲ್ಲಿ ಹಳದಿ ಜ್ವರವಿಲ್ಲ, ಆದರೆ ಅದು ಬೇರೂರಲು ಬೇಕಾದದ್ದೆಲ್ಲ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡುತ್ತದೆ. ಪುಣೆಯ ಬಾಲ್ಕನಿಗಳಲ್ಲಿ ಹೂಕುಂಡದ ಅಡಿ ತಟ್ಟೆಯಲ್ಲಿ ನಿಂತ ನೀರು ಆ ಸೊಳ್ಳೆಗೆ ಸಾಕು. ಜೊತೆಗೆ ನಮ್ಮಲ್ಲಿ ಮಂಗಗಳಿವೆ, ಅವಕ್ಕೂ ಈ ರೋಗ ತಗಲುತ್ತದೆ. 1927ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಂಶೋಧಕರು ಈ ರೋಗದ ಮೂಲ ಹುಡುಕುತ್ತಿದ್ದರು. ಪ್ರಯೋಗಕ್ಕೆ ಬಳಸಿದ ಯಾವ ಪ್ರಾಣಿಗೂ ರೋಗ ತಗಲದೆ ಸೋತಿದ್ದರು. ಕೊನೆಗೆ ಉತ್ತರ ಭಾರತದಲ್ಲಿ ಎಲ್ಲೆಲ್ಲೂ ಕಾಣುವ ರೀಸಸ್ ಜಾತಿಯ ಕೋತಿಗೆ ರೋಗಿಯ ರಕ್ತ ಚುಚ್ಚಿದಾಗ ಅದು ಜ್ವರ ಬಂದು ಸತ್ತಿತು. ಆಫ್ರಿಕಾದ ಮಂಗಗಳು ತಲೆತಲಾಂತರದಿಂದ ಈ ವೈರಸ್ಸಿನೊಂದಿಗೆ ಬಾಳಿ ಅದನ್ನು ತಾಳಿಕೊಳ್ಳಲು ಕಲಿತಿವೆ. ಏಷ್ಯಾದ ಮಂಗಗಳಿಗೆ ಅದರ ಪರಿಚಯವೇ ಇಲ್ಲ. ಆಗ ಸಿಕ್ಕ ವೈರಸ್ಸನ್ನೇ ಪಳಗಿಸಿ ಮ್ಯಾಕ್ಸ್ ಥೈಲರ್ ಲಸಿಕೆ ತಯಾರಿಸಿದರು. ಅದಕ್ಕೆ 1951ರಲ್ಲಿ ನೊಬೆಲ್ ಬಂತು. ಮರುವರ್ಷ ಅದೇ ಪ್ರತಿಷ್ಠಾನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆಯಿತು. ಇಂದಿನ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ, ಅದೇ.

ಐದು ವರ್ಷದಲ್ಲಿ ಆ ಕೇಂದ್ರಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಕನ್ನಡ ನಾಡಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಮೊದಲು ಎದ್ದ ಭಯಗಳಲ್ಲಿ ಹಳದಿ ಜ್ವರವೂ ಒಂದು, ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಪುಣೆಯ ತಂಡ ಕಾಡು ಹೊಕ್ಕು, ಸತ್ತ ಮಂಗಗಳಿಂದ ಮಾದರಿ ತಂದು ಪರೀಕ್ಷಿಸಿತು. ಸಿಕ್ಕಿದ್ದು ಬೇರೆಯೇ ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಅದನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ದರಗು, ಸೌದೆ ತರಲು ಹೋದವರ ಕಾಲಿಗೆ ಹತ್ತುತ್ತವೆ. ಮಲೆನಾಡಿನಲ್ಲಿ ಇವತ್ತಿಗೂ ಬೇಸಿಗೆ ಬಂದರೆ ಈ ‘ಮಂಗನ ಕಾಯಿಲೆ’ಯ ಆತಂಕ ತಪ್ಪಿಲ್ಲ. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಅದು ಕಾಣಿಸಿಕೊಂಡಿತು.

ಪ್ರಾಣಿಯಿಂದ ನಮಗೆ ಬರುವ ರೋಗ ನಮಗೆ ಚೆನ್ನಾಗಿ ಗೊತ್ತು. ನಮ್ಮಿಂದ ಪ್ರಾಣಿಗೆ ಹೋಗುವ ರೋಗದ ವಿಚಾರ ಅರ್ಥವಾಗಬೇಕಾದರೆ ಬ್ವಿಂಡಿಗೇ ಹೋಗಬೇಕು.

ಅಲ್ಲಿ ಬೆಳಕು ಹರಿಯುವ ಹೊತ್ತಿಗೇ ಜಾಡುಗಾರರು ಕಾಡು ಸೇರುತ್ತಾರೆ. ಗೊರಿಲ್ಲಾಗಳು ದಿನಾ ಸಂಜೆ ಸೊಪ್ಪುಸದೆ ಮಡಚಿ ಹೊಸ ಗೂಡು ಕಟ್ಟಿಕೊಂಡು ಮಲಗುತ್ತವೆ. ಹಿಂದಿನ ರಾತ್ರಿಯ ಗೂಡು ಸಿಕ್ಕಿತೆಂದರೆ, ಮುರಿದ ಕಾಂಡ, ಅಗಿದು ಬಿಟ್ಟ ಸಿಪ್ಪೆ, ಹಸಿ ಲದ್ದಿ ನೋಡುತ್ತ ಗುಂಪು ಎತ್ತ ಹೋಯಿತೆಂದು ಹೇಳುತ್ತಾರೆ. ಒಂದೊಂದು ಗೊರಿಲ್ಲಾದ ಮೂಗಿನ ಮೇಲಿನ ಗೆರೆಗಳೂ ಬೇರೆ ಬೇರೆ. ಅದನ್ನು ನೋಡಿಯೇ ಇಂಥದ್ದೆಂದು ಗುರುತಿಸುತ್ತಾರೆ. ಮನುಷ್ಯರನ್ನು ಕಂಡರೆ ಓಡದಂತೆ ಒಂದು ಗುಂಪನ್ನು ರೂಢಿ ಮಾಡಿಸಲು ಎರಡು ವರ್ಷವೋ ಇನ್ನೂ ಹೆಚ್ಚೋ ಬೇಕು. ದಿನಾ ಹೋಗಿ, ದೂರದಲ್ಲಿ ಕುಳಿತು, ಗಂಟಲಿನಲ್ಲಿ ಅವುಗಳಂತೆಯೇ ಗುರುಗುಟ್ಟಿ ‘ನಾವು ಅಪಾಯವಲ್ಲ’ ಎಂದು ನಂಬಿಸಬೇಕು. ಆ ನಂಬಿಕೆಯೇ ಗೊರಿಲ್ಲಾಕ್ಕೆ ದೊಡ್ಡ ಅಪಾಯವೂ ಹೌದು. ನಮ್ಮ ಮತ್ತು ಅವುಗಳ ಡಿಎನ್‌ಎ ಶೇ. 98ರಷ್ಟು ಒಂದೇ. ನಮ್ಮ ವೈರಸ್ಸುಗಳಿಗೆ ಅವುಗಳ ಶ್ವಾಸಕೋಶ ಹೊಸ ಮನೆಯೇನಲ್ಲ. 2009ರಲ್ಲಿ ರುವಾಂಡಾದ ಹಿರ್ವಾ ಎಂಬ ಗುಂಪಿಗೆ, ಮನುಷ್ಯರಲ್ಲಿ ಶೀತ, ಕೆಮ್ಮು ತರುವ ಮೆಟಾನ್ಯುಮೋವೈರಸ್ ತಗಲಿ ಒಂದು ಹೆಣ್ಣೂ ಒಂದು ಮರಿಯೂ ಸತ್ತವು.

ಚಾರಣದ ನಿಯಮಗಳೆಲ್ಲ ಹುಟ್ಟಿದ್ದು ಈ ಭಯದಿಂದ. ಒಂದು ಗುಂಪಿಗೆ ದಿನಕ್ಕೆ ಎಂಟೇ ಪ್ರವಾಸಿಗರು, ಒಂದೇ ಗಂಟೆ. ಹದಿನೈದು ತುಂಬದವರಿಗೆ ಪ್ರವೇಶವಿಲ್ಲ. ಮೊದಲು ಏಳು ಮೀಟರ್ ಇದ್ದ ಅಂತರ ಕೋವಿಡ್ ನಂತರ ಹತ್ತಾಯಿತು, ಮಾಸ್ಕ್ ಬಂತು. ಆದರೆ ಜನ ನಿಜವಾಗಿ ಎಷ್ಟು ದೂರ ನಿಲ್ಲುತ್ತಾರೆ? ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕೋವಿಡ್‌ಗೆ ಮೊದಲು ಪ್ರವಾಸಿಗರು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ 858 ಚಿತ್ರಗಳನ್ನು ಅಳೆದು ನೋಡಿದರು. ಶೇ. 86ರಲ್ಲಿ ಅಂತರ ನಾಲ್ಕು ಮೀಟರಿಗಿಂತ ಕಡಿಮೆಯಿತ್ತು. ಎಷ್ಟೋ ಸಲ ಗೊರಿಲ್ಲಾ ತಾನೇ ಹತ್ತಿರ ಬರುತ್ತದೆ, ನಿಜ. ಹಿಂದೆ ಸರಿಯಬೇಕಾದವರು ನಾವು. ಉಗಾಂಡಾದಲ್ಲಿ ವಿದೇಶಿಯರಿಗೆ ಪರವಾನಗಿ 800 ಡಾಲರ್. ಇಷ್ಟು ಸುರಿದು ಹೋದವರು ಬೆಳಗ್ಗೆ ‘ನನಗೆ ನೆಗಡಿ’ ಎಂದು ಬಾಯಿಬಿಡುವುದು ಕಷ್ಟ. ಇಡೀ ವ್ಯವಸ್ಥೆಯ ತೀರ ಸಡಿಲವಾದ ಕೊಂಡಿ ಇದೇ ಎಂದು ನನಗನ್ನಿಸುತ್ತದೆ.

ಹಾಗೆಂದು ಪ್ರವಾಸವನ್ನೇ ನಿಲ್ಲಿಸಿ ಎನ್ನುವವರ ಜೊತೆ ನಾನಿಲ್ಲ. 1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಸಾಲಿನಲ್ಲಿ 250ರ ಆಸುಪಾಸಿಗೆ ಇಳಿದಿದ್ದ ಪರ್ವತ ಗೊರಿಲ್ಲಾಗಳು ಮತ್ತೆ ಅಲ್ಲೇ 604ಕ್ಕೆ ಏರಿದ್ದರಲ್ಲಿ ಪರವಾನಗಿಯ ಹಣಕ್ಕೂ, ಅದರಿಂದ ಸಂಬಳ ಪಡೆಯುವ ಕಾವಲುಗಾರರಿಗೂ ದೊಡ್ಡ ಪಾಲಿದೆ. 2018ರ ಗಣತಿಯಲ್ಲಿ ಬ್ವಿಂಡಿ ಕಡೆ ಸಿಕ್ಕ 459 ಸೇರಿಸಿದರೆ ಒಟ್ಟು 1063. ಲೋಕದಲ್ಲಿರುವ ಪರ್ವತ ಗೊರಿಲ್ಲಾಗಳು ಹೆಚ್ಚುಕಡಿಮೆ ಅಷ್ಟೇ. ಸಾವಿರ ಚಿಲ್ಲರೆ ಜೀವಗಳ ನಡುವೆ ಒಂದು ಕೆಟ್ಟ ಜ್ವರ ಹೊಕ್ಕರೆ ಏನಾದೀತೆಂದು ಯೋಚಿಸಲೂ ಭಯವಾಗುತ್ತದೆ.

ರೋಗ ಬರಲು ಪ್ರವಾಸಿಗರೇ ಬೇಕೆಂದೂ ಇಲ್ಲ. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕೂದಲು ಉದುರಿ ಮೈಯೆಲ್ಲ ಕಜ್ಜಿಯಾಯಿತು. ಒಂದು ಮರಿ ಸತ್ತಿತು, ಉಳಿದವು ಐವರ್‌ಮೆಕ್ಟಿನ್ ಮದ್ದಿನಿಂದ ಬದುಕಿದವು. ಕಾಡಂಚಿನ ಹೊಲಗಳಲ್ಲಿ ನಿಲ್ಲಿಸಿದ್ದ ಬೆದರುಬೊಂಬೆಗಳ ಹಳೇ ಬಟ್ಟೆಯನ್ನು ಅವು ಮುಟ್ಟಿ ನೋಡಿರಬೇಕು ಎಂಬುದು ಆಗಿನ ಊಹೆ. ಬಟ್ಟೆ ಕಜ್ಜಿಯಿದ್ದ ಬಡವರದ್ದು. ಅವರಿಗೆ ಹತ್ತಿರದಲ್ಲಿ ಆಸ್ಪತ್ರೆಯಿರಲಿಲ್ಲ. ಆ ಗೊರಿಲ್ಲಾಗಳಿಗೆ ಚಿಕಿತ್ಸೆ ಕೊಟ್ಟ ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಝಿಕುಸೋಕಾ 2003ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅಲ್ಲಿ ಒಂದು ಕಡೆ ಗೊರಿಲ್ಲಾ ಗೂಡುಗಳಿಂದ ಆರಿಸಿ ತಂದ ಲದ್ದಿಯ ಪರೀಕ್ಷೆ ನಡೆಯುತ್ತದೆ. ಇನ್ನೊಂದು ಕಡೆ ಊರಿನ ಸ್ವಯಂಸೇವಕರು ಮನೆಮನೆಗೆ ಹೋಗಿ ಕೈತೊಳೆಯುವುದು, ಶೌಚಾಲಯ, ಕೆಮ್ಮು, ಕಜ್ಜಿ ಎಲ್ಲವನ್ನೂ ವಿಚಾರಿಸಿ ಬರುತ್ತಾರೆ.